ಕೆಳಗಿನ ಪದರ

ಕ್ಲಾಕ್ಸ್‌ವೀಕ್ ಬಂದರಿನ ನನ್ನ ಅಂಗಡಿಗೆ
ಮಾರ್ಯುನ್ ಬಂದಳು, ಒದ್ದೆ ಟೊಪ್ಪಿ ತೆಗೆಯದೆ.
ಪೆನ್‌ಡ್ರೈವ್ ಮೇಜಿಗಿಟ್ಟು ಅಂದಳು:
"ದೋಣಿಗಷ್ಟೇ ಬಣ್ಣ ವಾಪಸು ಬೇಕು. ಹಸಿರು."

ಮಣ್ಣು ಮಾಡುವ ಹಿಂದಿನ ರಾತ್ರಿ ಯಾರೋ
ಅವಸರದಲ್ಲಿ ಇಡೀ ಚಿತ್ರ ಬೂದಿ ಮಾಡಿದ್ದರು,
ಸಾವಿಗೆ ಅದೇ ಮರ್ಯಾದೆ ಅಂತ.
ಪುಣ್ಯಕ್ಕೆ ಕೆಳಗಿನ ಪದರ ಅಳಿಸಿರಲಿಲ್ಲ.

ವಿಚಿತ್ರ ಈ ಕಸುಬು:
ಬಿಳಿ ಬಳಿದಲ್ಲೆಲ್ಲ ಬಣ್ಣ ಏಳುತ್ತದೆ,
ಕಪ್ಪು ಬಳಿದರೆ ಮತ್ತೆ ಬೂದು.
ನಾಲ್ಕು ಪಟ್ಟು ಹಿಗ್ಗಿಸಿಕೊಂಡು
ಒಂದೊಂದೇ ಹಲಗೆ ಎಬ್ಬಿಸುತ್ತ ಬಂದೆ.
ಅಂಚಿನಲ್ಲಿ ಕುಂಚ ಜಾರಿತು.

ಯೋನ್ಹಾರ್ಡ್‌ನ ಮೂಗು ಕೆಂಪಾಯಿತು.
ಬೂದು ಮುಖ, ಬೂದು ಗಡ್ಡ,
ನಡುವೆ ಒಂದು ಟೊಮೆಟೊ.

ತಪ್ಪಾಯಿತೆಂದು ಅಳಿಸಲು ಹೋದೆ,
ಅವಳು ನನ್ನ ಮಣಿಕಟ್ಟು ಹಿಡಿದಳು.

"ಅವತ್ತು ಅವನಿಗೆ ನೆಗಡಿ.
ಫೋಟೊ ಬೇಡವೇ ಬೇಡ ಅಂತ ಹಟ ಹಿಡಿದಿದ್ದ."
ನಕ್ಕಳು. ಟೊಪ್ಪಿ ತೆಗೆದಳು. ಕೂತಳು.
ಸುಮಾರು ಹೊತ್ತಾದ ಮೇಲೆ ಅಂದಳು:
"ದೋಣಿ ಮಾರಿಯಾಯಿತು,
ಅದು ಬೂದಾಗೇ ಇರಲಿ."

ಬಳಿದಿದ್ದ ಅರ್ಧ ಹಸಿರಿನ ಮೇಲೆ
ಕಪ್ಪು ಎಳೆದೆ.
ಮೂಗು ಒಂದನ್ನೇ ಅಚ್ಚು ಹಾಕಿಸಿಕೊಂಡು
ದೋಣಿಯ ದುಡ್ಡು ಕೊಟ್ಟು ಹೋದಳು.