ಮೂವತ್ತೊಂದು ನಂಬರಿನ ಸೂಜಿ

ಜೀನ್ಸಿನ ದಪ್ಪ ಬಟ್ಟೆಗೆ ಹದಿನೆಂಟು ನಂಬರು,
ನಾಲ್ಕು ಪದರ ಕೂಡುವ ಬೆಲ್ಟಿನ ಮೂಲೆಗೆ ಇಪ್ಪತ್ತೊಂದು,
ಮದುವೆ ಸೀಸನ್ನಿನ ತೆಳು ಕುಪ್ಪಸಕ್ಕೆ ಹನ್ನೊಂದು.
ಕೌಲ್ ಬಜಾರಿನ ತಗಡಿನ ಶೆಡ್ಡಿನಲ್ಲಿ
ಇಪ್ಪತ್ತು ವರ್ಷ ಇದೊಂದೇ ಶಾಸ್ತ್ರ ಓದಿದವನು ನಾನು:
ನಂಬರು ಏರಿದಷ್ಟೂ ಸೂಜಿ ದಪ್ಪ.

ಹಾಗಾಗಿ ವಿಮ್ಸಿನ ಎದುರು ಮೆಡಿಕಲ್ಲಿನ ಹುಡುಗ
"ಎಷ್ಟರ ನಂಬರು ಬೇಕಣ್ಣಾ?" ಅಂದಾಗ
ಎಲ್ಲಾ ತಿಳಿದವನ ಹಾಗೆ ಹೇಳಿದೆ:
"ಇರೋದ್ರಾಗೆ ಸಣ್ಣ ನಂಬರು ಕೊಡಪ್ಪ,
ಕೂಸಿಗೆ ಚುಚ್ಚೋದು."
ಕೇಳಿದ್ದನ್ನೇ ಕೊಟ್ಟ. ಇಪ್ಪತ್ತಾರು.

ಪಂಪಾವತಿಗೆ ಹತ್ತು ತುಂಬಿ ಮೂರು ತಿಂಗಳು. ಅಳಲಿಲ್ಲ.
ಹೊಟ್ಟೆಯ ಎರಡೂ ಕಡೆ
ನೇರಳೆ ಹಣ್ಣು ತುಳಿದ ಬಣ್ಣ.
ದಿನಕ್ಕೆ ಮೂರು. ಎಂಟು ದಿನ.
ಒಂಬತ್ತನೇ ದಿನ ನರ್ಸು ಸುವಾರ್ತಮ್ಮ
ಸಿರಿಂಜನ್ನೂ ನನ್ನನ್ನೂ ಒಂದೇ ಥರ ನೋಡಿದರು.
"ಇಲ್ಲಿ ಲೆಕ್ಕ ಉಲ್ಟಾ, ಎರ್ರಿಸ್ವಾಮಿ.
ನಂಬರು ಏರಿದಷ್ಟೂ ಸೂಜಿ ಸಣ್ಣ."

ಇಪ್ಪತ್ತನಾಲ್ಕು ತೂತು.
ತಪ್ಪು ಹೊಲಿದರೆ ಬಿಚ್ಚಬಹುದು,
ಇಸ್ತ್ರಿ ಹಾಕಿದರೆ ಗುರುತೂ ಹೋಗುತ್ತದೆ.
ಅವತ್ತು ಮಿಷನ್ ಮುಂದೆ ಕೂತವನು
ಪೆಡಲ್ ತುಳಿಯದೆ ಸುಮ್ಮನೆ ಕೂತೆ.
ಓನರು ಬಂದು, ಕರೆಂಟು ಹೋಗಿದೆಯಾ, ಅಂದ.

ಈಗ ನಾನು ಕೌಂಟರಿಗೆ ಮೊಣಕೈ ಊರಿ ನಿಲ್ಲುವ ಗಿರಾಕಿ.
ಮೂವತ್ತೊಂದು ನಂಬರು, ಆರು ಎಂಎಂ, ಕೆಂಪು ಟೋಪಿ.
ಸೀಸೆಯ ಮೇಲೆ ನಲವತ್ತು ಅಂತಿದ್ದರೆ
ಸಿರಿಂಜಿನ ಮೇಲೂ ನಲವತ್ತು.
ಟೋಪಿ ಕೆಂಪು. ಕೆಂಪೇ.

ಮೇ ತಿಂಗಳು, ಕೋಟೆ ಗುಡ್ಡದ ಬಂಡೆ
ರಾತ್ರಿ ಹತ್ತಕ್ಕೂ ಹಂಚಿನ ಹಾಗೆ ಕಾದಿತ್ತು.
ಜಡೆಪ್ಪ ಕಿತ್ತಳೆ ಟೋಪಿಯದು ಮುಂದೆ ಹಾಕಿದ:
"ಇದೂ ಇನ್ಸುಲಿನ್ನಿಂದೇ ಅಣ್ಣಾ, ಬಣ್ಣ ಬೇರೆ ಅಷ್ಟೆ.
ಕೆಂಪು ಸೋಮವಾರ ಬರ್ತೈತೆ."
ಟ್ಯೂಬ್‌ಲೈಟಿಗೆ ಹಿಡಿದು ಗೆರೆ ಎಣಿಸಿದೆ.
ಅದೇ ಉದ್ದ, ಅಲ್ಲಿ ನಲವತ್ತು, ಇಲ್ಲಿ ನೂರು.
ಇಂಚಿಗೆ ಎಂಟು ಹೊಲಿಗೆ ಬೀಳುವಲ್ಲಿ
ಇಪ್ಪತ್ತು ಬಿದ್ದರೆ ನನಗೆ ಕತ್ತಲಲ್ಲೂ ಗೊತ್ತಾಗುತ್ತದೆ.
ಇದರಲ್ಲಿ ಇಪ್ಪತ್ತರ ಗೆರೆಗೆ ಎಳೆದರೆ
ಅವಳಿಗೆ ಹೋಗುವುದು ಎಂಟು.
ಜಡೆಪ್ಪನಿಗೆ ಹೇಳಿದೆ. "ಹೌದಾ?" ಅಂದ,
ಕಿತ್ತಳೆಯನ್ನು ಮತ್ತೆ ಡಬ್ಬಿಗೆ ಹಾಕಿದ,
ಮುಂದಿನವನಿಗೆ ಏನು ಕೊಟ್ಟನೋ.

ರಾಯಲ್ ಸರ್ಕಲ್. ಇಲ್ಲ.
ಮೋತಿ ಸರ್ಕಲ್. ಶಟರ್ ಅರ್ಧ ಎಳೆದಿತ್ತು.
ಬ್ರೂಸ್‌ಪೇಟೆಯ ಸಣ್ಣ ಅಂಗಡಿ, ಒಳಗೊಬ್ಬ ಮುದುಕಿ
ಗ್ರೈಪ್ ವಾಟರಿನ ಸಾಲಿನ ಹಿಂದಿನಿಂದ
ಎರಡು ಪ್ಯಾಕೆಟ್ಟು ತೆಗೆದು ಸೆರಗಿನಿಂದ ಧೂಳು ಒರೆಸಿದಳು.
ತಾರೀಕು ನೋಡಿದೆ. ಇನ್ನೂ ಇತ್ತು.
ಒಂದು ಸಿರಿಂಜು ಅಂದರೆ ನನ್ನ ರೇಟಿನಲ್ಲಿ ಐದು ಜೇಬು.
ಇಪ್ಪತ್ತು ಸಿರಿಂಜು, ನೂರು ಜೇಬು.
ಹಾಕಮ್ಮಾ, ಎರಡೂ ಹಾಕು.

ಒಂದನ್ನೇ ಎರಡು ಸಲ ಚುಚ್ಚಿದ್ದುಂಟು, ಸುಳ್ಳೇಕೆ.
ಮೂರನೇ ಸಲಕ್ಕೆ ಅವಳೇ ಕೈ ಅಡ್ಡ ಇಟ್ಟಳು:
"ಮೊಂಡ ಸೂಜಿ ನೂಲು ಎಳೀತೈತೆ ಅಂತ
ನೀನೇ ಹೇಳ್ತೀಯಲ್ಲಪ್ಪಾ."

ಒದ್ದೆ ಮರಳಿನ ಮಡಕೆಯಲ್ಲಿ ಸೀಸೆ.
ಅಂಗೈ ನಡುವೆ ಅದನ್ನು ಮೆಲ್ಲಗೆ ಉರುಳಿಸುತ್ತಾಳೆ,
ಎಳೆಯುತ್ತಾಳೆ, ಬೆರಳಿನಿಂದ ತಟ್ಟುತ್ತಾಳೆ.
"ಗುಳ್ಳೆ ಐತೆ, ತಡಿ."
ನಾನು ತಡೆಯುತ್ತೇನೆ. ಆಮೇಲೆ
ಅವಳೇ ಚುಚ್ಚಿಕೊಳ್ಳುತ್ತಾಳೆ, ಗೋಡೆ ಕಡೆ ತಿರುಗಿ.

ಜೂನಿಗೆ ಸ್ಕೂಲು. ಮಧ್ಯಾಹ್ನದ್ದು ಅಲ್ಲೇ ಆಗಬೇಕು.
ಉಳಿದ ಜೀನ್ಸಿನ ತುಂಡಿನಲ್ಲಿ
ಚೀಲದೊಳಗೊಂದು ಕಳ್ಳಜೇಬು ಹೊಲಿದೆ,
ಒಂದು ಮನೆ ಸೀಸೆಗೆ, ಒಂದು ಮನೆ ಸಿರಿಂಜಿಗೆ,
ಅಂಚಿಗೆ ಎರಡು ಸಾಲು ಹಳದಿ ದಾರ.
ಹಾಕಿ ನೋಡಿದಳು, ತೆಗೆದಳು, ಮತ್ತೆ ಹಾಕಿದಳು.
"ಟೋಪಿ ಹೊರಗೆ ಕಾಣ್ತೈತೆ."

ಬ್ಲೇಡು ಎಲ್ಲಿಟ್ಟೆ ಅಂತ ಹುಡುಕುತ್ತಿದ್ದೇನೆ.
ಎರಡು ಬೆರಳು ಉದ್ದ ಬಿಡಬೇಕಿತ್ತು.