ಕೂದಲಷ್ಟು

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ
ಇಪ್ಪತ್ತೆರಡು ವರ್ಷ ಮೋಟಾರಿಗೆ ಕಿವಿಗೊಟ್ಟವನು ನಾನು.
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ಕಿವಿಗೆ:
ಯಾವ ಗುಂಡು ಸವೆದಿದೆ, ಹೇಳಬಲ್ಲೆ.

ಮಠದ ಹಾಡಿಕೆಗೆ ಜನರೇಟರ್ ತಂದಿದ್ದೆ, ಅಷ್ಟೇ.
ನೀಲಗಂಗವ್ವನವರು ತಂಬೂರಿಯ ಕಿವಿ ಹಿಂಡುತ್ತ ಕೂತರು
ಅರ್ಧ ತಾಸು.
"ಹಾಡು ಯಾವಾಗ್ರಿ ಸುರು?" ಅಂದೆ.
ಪಕ್ಕದ ವಿರುಪಣ್ಣ ಮಾಸ್ತರರು ನಗಲಿಲ್ಲ.
"ಸುರುವಾಗಿ ಭಾಳ ಹೊತ್ತಾತು."

ಆಮೇಲೆ ಒಂದೇ ಸಾಲು. ಒಂದೇ.
ನೆಲ್ಲು ಹರವಿದ ಕಣದಲ್ಲಿ ಆಳು
ಕಾಲಿಂದ ಗೀರು ಎಳೆಯುತ್ತ ಹೋಗುವಂತೆ
ಒಮ್ಮೆ ಉದ್ದ, ಒಮ್ಮೆ ಅಡ್ಡ, ಮತ್ತೆ ಉದ್ದ.
ಆಕಳಿಸಿದೆ. ಡೀಸೆಲ್ ನೋಡುವ ನೆಪದಲ್ಲಿ ಎದ್ದು
ಹೊರಗೆ ಬೀಡಿ ಹಚ್ಚಿದೆ.

ಕತ್ತಲಲ್ಲಿ ಜನರೇಟರಿನ ಗುಂಯ್.
ಗೋಡೆಯಾಚೆ ಅವರ ದನಿ.
ನಡುವೆ ಕೂದಲಷ್ಟು ಸಂದು,
ಬೆಲ್ಟು ಒಂದು ಕಡೆ ಜಗ್ಗಿದ ಹಾಗೆ.
ಕೈ ತಾನೇ ಥ್ರಾಟಲಿಗೆ ಹೋಯಿತು.
ತುಸು ಇಳಿಸಿದೆ. ಇನ್ನೂ ತುಸು.
ಲೈಟು ಮಂಕಾಗಿ ಒಳಗೆ ಯಾರೋ ಬೈದರು.
ಷಡ್ಜವೆಂಬ ಹೆಸರು ಗೊತ್ತಿರಲಿಲ್ಲ ಆಗ,
ಕೂತಿತು ಎಂಬುದಷ್ಟೇ ಗೊತ್ತಾಯಿತು.
ಬೀಡಿ ಆರಿಹೋಗಿತ್ತು.

ಅವ್ವನವರು ಕಣ್ಣು ತೆರೆದು ಬಾಗಿಲ ಕಡೆ ನೋಡಿದರಂತೆ.
ಮಾಸ್ತರರು ಹೇಳಿದ್ದು. ನಿಜವೋ ಸುಳ್ಳೋ.

ಈಗಲೂ ರಾಗದ ಹೆಸರು ತಪ್ಪುತ್ತೇನೆ,
ಮಾಸ್ತರರಿಂದ ಬೈಸಿಕೊಳ್ಳುತ್ತೇನೆ.
ಆದರೆ ರಾತ್ರಿ ಪಾಳಿ ಮುಗಿದು ಹಲ್ಲರ್ ನಿಂತ ಮೇಲೂ
ಕಿವಿಯಲ್ಲಿ ಉಳಿಯುತ್ತದಲ್ಲ ಒಂದು ದನಿ,
ಮೊದಲೆಲ್ಲ ತಲೆ ಕೊಡವಿ ಮನೆಗೆ ಹೋಗುತ್ತಿದ್ದೆ.
ಈಗ ಹೊಟ್ಟಿನ ರಾಶಿಯ ಮೇಲೆ ಕೂರುತ್ತೇನೆ,
ಅದು ತಾನಾಗಿ ಇಳಿಯುವವರೆಗೆ.