ಕೇಳಿದ್ದಕ್ಕೆ

ಮೂರು ವಾರ ಮಂಗಳೂರಿನ ಶೋರೂಮಿನಲ್ಲಿ ನಿಂತಿತ್ತಂತೆ.
ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, ದೋಷವಿಲ್ಲ ಅಂತ ಹಾಳೆ ಕೊಟ್ಟರಂತೆ.
"ಆದರೂ ಎಡಕ್ಕೆ ತಿರುಗಿಸಿದರೆ ಟಿಕ್ ಅನ್ನುತ್ತೆ, ಮೋನಾಚಾರ್ರೇ"
ಅಂದರು ಡಾಕ್ಟರ್ ಲವೀನಾ,
ಆಪರೇಷನ್ ಕೋಣೆಯಲ್ಲಿ ಜನರನ್ನು ನಿದ್ದೆಗೆ ಕಳಿಸಿ
ವಾಪಸು ಕರೆತರುವವರು.

ಮೌನಪ್ಪನ ಹರಕೆಯ ಹೆಸರು ನನ್ನದು.
ಹೊಟ್ಟೆ ಹೊರೆದದ್ದು ಮಾತ್ರ ಸದ್ದು.
ಮೂವತ್ತೆಂಟು ವರ್ಷ ಚಿಕ್ಕಮಗಳೂರಿನ ಈ ಶೆಡ್ಡಿನಲ್ಲಿ
ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಒತ್ತಿ
ಯಾವ ವಾಲ್ವು ಸುಳ್ಳಾಡುತ್ತಿದೆ, ಯಾವ ಬೇರಿಂಗಿಗೆ ಬಾಯಾರಿದೆ
ಹೇಳುತ್ತಿದ್ದೆ.
ಇದರ ಬಾನೆಟ್ ಎತ್ತಿದರೆ ಒಂದು ಡಬ್ಬ.
ಡಬ್ಬದಲ್ಲಿ ಅವರ ಛತ್ರಿ.

"ಬನ್ನಿ, ಗಿರಿ ಹತ್ತೋಣ. ನಲವತ್ತೊಂದಿದೆ, ಸಾಕು."
ಲೀಟರಲ್ಲ, ನೂರಕ್ಕೆ ನಲವತ್ತೊಂದು.
ಊರು ದಾಟಿ ಒಂದಿಷ್ಟು ನೇರ ರಸ್ತೆ ಸಿಕ್ಕಿತು.
"ಹಿಡ್ಕೊಳ್ಳಿ" ಅಂದರು.
ಏನು ಹಿಡಿಯಲಿ ಅನ್ನುವಷ್ಟರಲ್ಲಿ ನೂರು.
ಕಟ್ಟಿಸಿದ ಹಲ್ಲು ಗಂಟಲ ಕಡೆ ಜಾರಿತು,
ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯಿತು.
ನಮ್ಮ ಕಾಲದ ವೇಗ, ಬರುವ ಮೊದಲು
ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ಇದು ಬಂದೇಬಿಟ್ಟಿತು,
ಬಾಗಿಲು ತಟ್ಟದೆ ಒಳಬಂದ ನೆಂಟನ ಹಾಗೆ.

ಕೈಮರದ ಗೇಟು ದಾಟಿದ ಮೇಲೆ ಏರು.
ಮೂವತ್ತೆಂಟು. ಮೂವತ್ತೈದು.
ಪರದೆಯ ಮೇಲಿನ ಅಂಕಿ ನೋಡಿ ನನಗೇ ಉಬ್ಬಸ.
ಇಂಜಿನ್ನಿನ ಗದ್ದಲ ಇಲ್ಲದ ಮೇಲೆ
ಏನೇನು ಕೇಳಿಸುತ್ತದೆ ಗೊತ್ತೆ:
ಟೈರಿನಡಿ ಒಂದೊಂದೇ ಹರಳು,
ಡಾಕ್ಟರ ಕೈಬಳೆ ಸ್ಟೀರಿಂಗಿಗೆ ತಾಗುವುದು,
ನನ್ನ ಎಡ ಮಂಡಿಚಿಪ್ಪು.
ಟಿಕ್ ಮಾತ್ರ ಇಲ್ಲ.
ಹಾಳಾದ್ದು, ಮೇಸ್ತ್ರಿ ಬಂದನೆಂದರೆ
ಎಲ್ಲ ಗಾಡಿಗೂ ಸಭ್ಯತೆ ಬರುತ್ತದೆ.

ನೆತ್ತಿ ತಲುಪಿದಾಗ ಇಪ್ಪತ್ತೆಂಟು.
ಬೆನ್ನಿಗೆ ಗಾಳಿ ಕೊಟ್ಟು ಎರಡು ಚುರುಮುರಿ ತಿಂದೆವು.

ಇಳಿಯುವಾಗ ಅವರು ಬ್ರೇಕು ಮುಟ್ಟಲಿಲ್ಲ.
ಕಾಲು ಎತ್ತಿದರೆ ಸಾಕಂತೆ,
ಉರುಳುವ ಚಕ್ರದಿಂದಲೇ ಕರೆಂಟು ಹಿಂಡಿಕೊಳ್ಳುತ್ತದಂತೆ.
ನನಗೆ ಚಾರ್ಮಾಡಿಯ ಲಾರಿಗಳು ನೆನಪಾದವು,
ಡ್ರಮ್ಮು ಕೆಂಪಗೆ ಕಾದು, ಲೈನಿಂಗು ಸುಟ್ಟ ಆ ವಾಸನೆ.
ಎಷ್ಟೊಂದು ಇಳಿಜಾರನ್ನು ನಾವು
ಸುಮ್ಮನೆ ಸುಟ್ಟುಹಾಕಿಬಿಟ್ಟೆವು!

ಟಿಕ್.

"ನಿಲ್ಲಿಸಿ."
ಎಡ ತಿರುವು, ಇಳಿಜಾರು, ಎರಡೂ ಒಟ್ಟಿಗೆ ಬೇಕಿತ್ತು ಅದಕ್ಕೆ.
ಅವರ ಸೀಟಿನ ಹಳಿಯೊಳಗೆ ಬೆರಳು ತೂರಿಸಿದೆ.
ಕಿರುಬೆರಳಷ್ಟು ಗಾಜು, ಕುತ್ತಿಗೆ ಮುರಿದದ್ದು,
ಖಾಲಿ ಆಂಪ್ಯೂಲ್.
ಯಾರನ್ನೋ ಮಲಗಿಸಿದ ಮದ್ದಿನದು.
ಡಾಕ್ಟರು ಅದನ್ನು ಬೆಳಕಿಗೆ ಹಿಡಿದು
ಹೆಸರು ಓದಿದರು. ನಗಲಿಲ್ಲ.
"ಇದು ಜನವರಿಯದು" ಅಂದರು. ಅಷ್ಟೆ.
ನಾನೂ ಕೇಳಲಿಲ್ಲ.

ಕೈಮರಕ್ಕೆ ವಾಪಸು ಬಂದಾಗ ಮೂವತ್ತು.
ಹದಿಮೂರು ಕೊಟ್ಟಿದ್ದಕ್ಕೆ ಎರಡು ಮರಳಿ ಬಂತು.
ಗುಡ್ಡ ಧಾರಾಳಿಯಲ್ಲ,
ಕಳ್ಳನೂ ಅಲ್ಲ.

ಕಡೂರು ರಸ್ತೆಯ ಹೋಟೆಲಿನ ಹಿಂದೆ ಕೇಬಲ್ ಚುಚ್ಚಿ
ಎರಡು ಕಾಫಿ ಹೇಳಿದರು.
ಐವತ್ತು, ಅರವತ್ತು ದಡದಡ ಏರಿತು,
ಎಂಬತ್ತರ ಮೇಲೆ ತೆವಳತೊಡಗಿತು.
ಕೆಟ್ಟಿತೇ ಅಂದೆ.
ಇಲ್ಲ, ಹಾಗೆಯೇ ಅಂತೆ. ನೋಡಿದರೆ ಹೌದು,
ಬೇಲೂರು ಬಸ್ಸಿಗೆ ಮೊದಲು ಹತ್ತಿದವರು ಓಡಿಹೋಗಿ ಕೂರುತ್ತಾರೆ,
ಕೊನೆಯವರು "ಸ್ವಲ್ಪ ಸರೀರಿ, ಸ್ವಲ್ಪ ಸರೀರಿ" ಅನ್ನುತ್ತ
ಒಬ್ಬೊಬ್ಬರೇ.
ಕೇಬಲ್ ಮುಟ್ಟಿ ನೋಡಿದೆ. ಬೆಚ್ಚಗಿತ್ತು,
ಹಾಲು ಕರೆದ ಕೆಚ್ಚಲಿನಷ್ಟು.

ಶೆಡ್ಡಿನಲ್ಲಿ ಬಿಲ್ ಬುಕ್ ತೆರೆದೆ.
ಬದಲಾಯಿಸಿದ ಬಿಡಿಭಾಗ: ಇಲ್ಲ.
ಎಣ್ಣೆ: ಇಲ್ಲ.
ಪೆನ್ನು ಅಲ್ಲೇ ನಿಂತಿತು. ಆಮೇಲೆ ಬರೆದೆ,
ಕೇಳಿದ್ದಕ್ಕೆ: ಇನ್ನೂರು.

ಐನೂರು ಕೊಟ್ಟು, ಚಿಲ್ಲರೆ ಬೇಡ ಅಂದು ಹೊರಟರು.
ಬಾಗಿಲಲ್ಲಿ ಮಲಗಿದ್ದ ನಾಯಿಗೆ
ಕಾರು ಹೋದದ್ದೇ ತಿಳಿಯಲಿಲ್ಲ.